ಮೊಣಕಾಲು ತಿರುವಿನ ಗೂಳಿ

ಮೇ ೩

ಸ್ಪ್ಯಾನರ್ ರಾಣಿಗೆ ನಿನ್ನ ಚಿಕ್ಕಪ್ಪನ ಆಶೀರ್ವಾದಗಳು.

ನಾನು ಮುಟ್ಟಿದ ಯಂತ್ರ ಇದುವರೆಗೆ ಒಂದೂ ಕೆಟ್ಟು ನಿಂತದ್ದಿಲ್ಲ. ಹೋದ ವರ್ಷ ಸ್ಟೇಷನ್ನಿನಲ್ಲಿ ಮೂರು ಗಂಟೆ ಅಲುಗಾಡದೆ ನಿಂತಿದ್ದ ರೈಲು, ನಾನು ಕೆಳಗಿಳಿದು ಎಂಜಿನ್ನಿನ ಬೆನ್ನು ತಟ್ಟಿದ ಮೇಲೆಯೇ ಹೊರಟದ್ದು. ಡ್ರೈವರು ಕಾಲಿಗೆ ಬೀಳಲು ಬಂದ, ನಾನೇ ಬೇಡ ಎಂದೆ. ಏಳನೇ ಕ್ಲಾಸಿಗೆ ಓದು ನಿಲ್ಲಿಸಿದ್ದು ನನಗೆ ಕಲಿಸಲು ಅಲ್ಲಿ ಏನೂ ಉಳಿದಿರಲಿಲ್ಲವೆಂದು. ಇವೆಲ್ಲ ನಿನಗೆ ಗೊತ್ತಿದ್ದದ್ದೇ. ಆದ್ದರಿಂದ ಈ ಪತ್ರ ಸಹಾಯ ಕೇಳಲು ಬರೆದದ್ದು ಎಂದು ತಿಳಿಯಬೇಡ. ಉಪ್ಪಿನ ಕಾರ್ಖಾನೆಯ ಪಂಪುಗಳ ನಡುವೆ ನಿನ್ನ ವಿದ್ಯೆಗೆ ತುಕ್ಕು ಹಿಡಿದಿದೆಯೋ ಹೇಗೆ ಎಂದು ಪರೀಕ್ಷಿಸಲು ಬರೆದದ್ದು.

ಫೋನು ಮಾಡಬಹುದಿತ್ತು. ಆದರೆ ನಿಮ್ಮ ದ್ವೀಪಕ್ಕೆಲ್ಲ ಇರುವುದು ಮ್ಯಾನೇಜರ ಕೋಣೆಯ ಒಂದೇ ಫೋನು. ನಮ್ಮ ಮನೆಯಲ್ಲೋ, ನಾನು ಮಾತಾಡಿದರೆ ಮೂರು ಬೀದಿಗೆ ಕೇಳುತ್ತದೆ. ನಿನ್ನ ಚಿಕ್ಕಮ್ಮನಿಗೆ ಕೇಳಿಸದೇ ಇರುತ್ತದೆಯೇ? ವಾರಕ್ಕೊಮ್ಮೆ ಬರುವ ನಿಮ್ಮ ದೋಣಿಯ ಅಂಚೆಯೇ ವಾಸಿ. ಅದಕ್ಕೆ ಬಾಯಿಲ್ಲ.

ವಿಷಯ ಇಷ್ಟು. ನಾನೊಂದು ಗಾಡಿ ಕೊಂಡಿದ್ದೇನೆ. ಎಟಿವಿ ಅನ್ನುತ್ತಾರಲ್ಲ, ಬೈಕಿನ ಹಾಗೆ ಕಾಲು ಹಾಕಿ ಕೂರುವುದು, ಚಕ್ರ ಮಾತ್ರ ನಾಲ್ಕು, ಅದು. ರಸ್ತೆ ಕಂಟ್ರಾಕ್ಟರನ ಹರಾಜಿನಲ್ಲಿ ಸಿಕ್ಕಿತು. ಗೂಳಿ ಎಂದು ಹೆಸರಿಟ್ಟಿದ್ದೇನೆ. ಹ್ಯಾಂಡಲ್ಲಿನ ಮೇಲೊಂದು ಸ್ವಿಚ್ ಇದೆ, ಅದನ್ನು ಒತ್ತಿದರೆ ಮುಂದಿನ ಚಕ್ರಗಳೂ ಎಳೆಯಬೇಕು. ಎಳೆಯುತ್ತವೆ ಕೂಡ. ಗುಡ್ಡದ ಮೊದಲ ತಿರುವು, ಎರಡನೇ ತಿರುವು ಹೂವು ಎತ್ತಿದ ಹಾಗೆ ಹತ್ತಿತು. ಮೂರನೆಯದು ಮೊಣಕಾಲು ತಿರುವು; ನಿನಗೆ ನೆನಪಿರಬೇಕು, ಎಡಕ್ಕೆ ಮಡಚಿಕೊಂಡು ಮೇಲೇರುವ ಜೇಡಿಮಣ್ಣಿನ ದಾರಿ. ಅಲ್ಲಿ ಬಂದಾಗ ಹಿಂದಿನ ಚಕ್ರ ಮಣ್ಣು ತೋಡುತ್ತದೆ, ಮುಂದಿನದು ಮಾವನ ಮನೆಗೆ ಬಂದ ಅಳಿಯನ ಹಾಗೆ ಸುಮ್ಮನೆ ಕೂರುತ್ತದೆ.

ಆರೋಗ್ಯ ಇಲಾಖೆಯವರು ಜುಲೈ ಹದಿನಾಲ್ಕಕ್ಕೆ ಪರೀಕ್ಷೆ ಇಟ್ಟಿದ್ದಾರೆ. ಲಸಿಕೆಯ ಐಸ್ ಪೆಟ್ಟಿಗೆಯನ್ನು ಕೆಸರಿನಲ್ಲಿ ಗುಡ್ಡದ ಮೇಲಿನ ಆರೋಗ್ಯ ಕೇಂದ್ರಕ್ಕೆ ಮುಟ್ಟಿಸುವ ಗಾಡಿ ಇದ್ದರೆ ಮಳೆಗಾಲವಿಡೀ ಕೇಂದ್ರ ತೆರೆದಿರುತ್ತದೆ, ಗಾಡಿಯವನಿಗೆ ವರ್ಷದ ಕೆಲಸ. ಇಲ್ಲದಿದ್ದರೆ ನಾಲ್ಕು ತಿಂಗಳು ಬೀಗ. ಹೇಸರಗತ್ತೆಯವನು ಇದ್ದಾನಲ್ಲ, ಅವನ ಪ್ರಾಣಿ ಹೋದ ವರ್ಷ ಅರ್ಧ ಪೆಟ್ಟಿಗೆ ಸೀಸೆ ಒಡೆದು ಹಾಕಿತು. ಆದರೂ ಅಂಗಡಿಕಟ್ಟೆಯ ಮೇಲೆ ಕೂತು "ಪೆಟ್ರೋಲು ಕುಡಿಯೋ ಗೂಳಿ ಮೊಣಕಾಲು ತಿರುವು ಹತ್ತಿದ್ರೆ ನಾನೇ ಕತ್ತೆ ಬದಲು ಮೂಟೆ ಹೊರ್ತೀನಿ" ಅಂದ. ನಾನು ಬಿಡುತ್ತೇನೆಯೇ? ಹತ್ತದಿದ್ದರೆ ಮೀಸೆ ಬೋಳಿಸುತ್ತೇನೆ ಎಂದು ಹತ್ತು ಜನರ ಮುಂದೆ ಹೇಳಿ ಬಂದಿದ್ದೇನೆ. ನನ್ನ ಮೀಸೆಯ ಬೆಲೆ ನಿನಗೆ ಗೊತ್ತು.

ಗಾಡಿ ಗೆಳೆಯನದು ಎಂದು ಚಿಕ್ಕಮ್ಮನಿಗೆ ಹೇಳಿದ್ದೇನೆ. ನೀನೂ ಹಾಗೇ ತಿಳಿದುಕೊ.

ಇಂತಿ ನಿನ್ನ ಚಿಕ್ಕಪ್ಪ


ಮೇ ೧೨

ಚಿಕ್ಕಪ್ಪನಿಗೆ ನಮಸ್ಕಾರಗಳು.

ಆ ರೈಲಿನಲ್ಲಿ ನಾನೂ ಇದ್ದೆ. ನೀವು ಮೂರು ಗಂಟೆಯೂ ಗೊರಕೆ ಹೊಡೆಯುತ್ತಿದ್ದಿರಿ. ಇರಲಿ.

ಮುಂದಿನ ಚಕ್ರಗಳ ನಡುಮಧ್ಯೆ ಒಂದೊಂದು ದಪ್ಪ ಡಬ್ಬಿ ಇದೆಯಲ್ಲ, ಅದೇ ಹಬ್. ನಿಮ್ಮ ಗಾಡಿಯ ಗುಟ್ಟೆಲ್ಲ ಅದರೊಳಗಿದೆ. ಒಳಗೆ ಕಡ್ಡಿಯಂಥ ಸಣ್ಣ ಉರುಳೆಗಳು ಒಂದು ಪಂಜರದಲ್ಲಿ ಕೂತಿರುತ್ತವೆ. ಸ್ವಿಚ್ ಒತ್ತಿದಾಗ ತಂತಿಯ ಸುರುಳಿಗೆ ಕರೆಂಟು ಬಂದು ಅದು ಅಯಸ್ಕಾಂತವಾಗುತ್ತದೆ. ಪಂಜರವನ್ನು ಕೂದಲೆಳೆಯಷ್ಟು ಎಳೆಯುತ್ತದೆ. ಆಗ ಉರುಳೆಗಳು ಬಾಗಿಲಿಗೆ ಬೆಣೆ ಹೊಡೆದ ಹಾಗೆ ಸಿಕ್ಕಿಕೊಂಡು ಚಕ್ರವನ್ನು ಹಿಡಿಯುತ್ತವೆ. ಸ್ವಿಚ್ ತೆಗೆದರೆ ಬೆಣೆ ಸಡಿಲ, ಚಕ್ರ ಬಿಡುಗಡೆ. ಅಷ್ಟೇ.

ಹೀಗೆ ಮಾಡಿ. ಹಿಂದಿನ ಚಕ್ರ ನೆಲದ ಮೇಲಿರಲಿ, ಮುಂದಿನ ಎರಡನ್ನೂ ಜಾಕಿನಿಂದ ಎತ್ತಿ. ಎಂಜಿನ್ ಆರಿಸಿ, ಗೇರಿನಲ್ಲಿಟ್ಟು, ಕೀಲಿ ತಿರುಗಿಸಿ, ಸ್ವಿಚ್ ಹಾಕಿ. ಈಗ ಒಂದೊಂದೇ ಚಕ್ರವನ್ನು ಕೈಯಿಂದ ತಿರುಗಿಸಿ ನೋಡಿ. ಹಿಡಿದುಕೊಳ್ಳಬೇಕು. ಹಿಡಿಯದಿದ್ದರೆ ಯಾವ ಕಡೆಯದು ಎಂದು ಬರೆಯಿರಿ. ಆಮೇಲೆ ಚಕ್ರದ ಹತ್ತಿರ ಹೋಗುವ ತಂತಿಯ ಜೋಡಣೆ ಬಿಚ್ಚಿ ಹಸಿರು ತುಕ್ಕು ಇದೆಯೇ ನೋಡಿ. ನಮ್ಮಲ್ಲಿ ಹತ್ತರಲ್ಲಿ ಒಂಬತ್ತು ರೋಗಕ್ಕೆ ಅದೇ ಕಾರಣ.

ಒಂದು ಮಾತು ನೆನಪಿರಲಿ, ನಾನು ಹೇಳುವ ತನಕ ಹಬ್ ಮಾತ್ರ ಬಿಚ್ಚಬೇಡಿ. ದಮ್ಮಯ್ಯ.

ಈ ವಯಸ್ಸಿನಲ್ಲಿ ನಿಮಗೆ ಈ ಆಟದ ಸಾಮಾನು ಯಾಕೆ ಬೇಕಿತ್ತು?

ನಿಮ್ಮ ಮಗಳು


ಮೇ ೨೦

ಸ್ಪ್ಯಾನರ್ ರಾಣಿಗೆ,

ನೀನು ಹೇಳುವ ಮೊದಲೇ ನಾನು ಎಲ್ಲ ಮಾಡಿ ಮುಗಿಸಿದ್ದೆ. ನಿನ್ನ ಪತ್ರ ಓದಿ "ಪರವಾಗಿಲ್ಲ, ಹುಡುಗಿ ನನ್ನಷ್ಟೇ ತಿಳಿದುಕೊಂಡಿದ್ದಾಳೆ" ಎಂದುಕೊಂಡೆ. ಚಕ್ರ ಎತ್ತಿದೆ, ಸ್ವಿಚ್ ಹಾಕಿದೆ, ತಿರುಗಿಸಿದೆ. ಎರಡೂ ಕಡೆ ಬುಗುರಿ. ಹಿಡಿಯುವ ಮಾತೇ ಇಲ್ಲ. ಹಸಿರು ತುಕ್ಕೂ ಇಲ್ಲ, ಕೆಂಪು ತುಕ್ಕೂ ಇಲ್ಲ. ತಂತಿಯ ಜೋಡಣೆ ನನ್ನ ಹಲ್ಲಿನಷ್ಟು ಶುಭ್ರ.

ಮೊನ್ನೆ ಮೊದಲ ಮಳೆ ಬಿತ್ತು. ಗೂಳಿ ಮೊದಲ ತಿರುವಿನಲ್ಲೇ ಕುಕ್ಕರಿಸಿತು. ಹೇಸರಗತ್ತೆಯವನು ಅಲ್ಲೇ ಹುಲ್ಲು ಕೊಯ್ಯುತ್ತಿದ್ದ. ಜೇಬಿನಿಂದ ಸಣ್ಣ ಕನ್ನಡಿ ತೆಗೆದು ನನ್ನ ಮುಖಕ್ಕೆ ಹಿಡಿದು "ಮೀಸೆ ಚೆನ್ನಾಗಿದೆ, ಇರೋ ತನಕ ನೋಡ್ಕೊಳ್ಳಣ್ಣ" ಅಂದ. ಕತ್ತೆಗೆ ಹುಲ್ಲು ಕೊಯ್ಯುವವನು ಕನ್ನಡಿ ಯಾಕೆ ಇಟ್ಟುಕೊಳ್ಳಬೇಕು, ಹೇಳು? ಬೇಕೆಂದೇ ತಂದಿದ್ದಾನೆ.

ಪೇಟೆಯ ದೊಡ್ಡ ಗ್ಯಾರೇಜಿನವನಿಗೆ ತೋರಿಸಿದೆ. ಅವನು ಟೈ ಕಟ್ಟಿಕೊಂಡು ಗಾಡಿ ರಿಪೇರಿ ಮಾಡುವ ಆಸಾಮಿ. ಕಬ್ಬಿಣದ ಸರಳೊಂದನ್ನು ಗಾಡಿಗೆ ತಾಗಿಸಿ ಇನ್ನೊಂದು ತುದಿ ಕಿವಿಗಿಟ್ಟುಕೊಂಡು, ಕಣ್ಣು ಮುಚ್ಚಿ, "ಮುಂದಿನ ಗೇರ್ ಪೆಟ್ಟಿಗೆ ಹಲ್ಲು ಉದುರಿದೆ ಯಜಮಾನ್ರೇ" ಎಂದ. ಹೊಸದು ಹಾಕಿಕೊಟ್ಟ. ಸ್ವಲ್ಪ ಖರ್ಚಾಯಿತು, ಸಾವಿರದ ಇನ್ನೂರು. ಹಾಕಿದ ಮೇಲೂ ಚಕ್ರ ಹಿಡಿಯಲಿಲ್ಲ ಅಂದರೆ "ಹೊಸದಲ್ವಾ, ಪಳಗಬೇಕು" ಎಂದ. ಪಳಗಿಸುತ್ತಿದ್ದೇನೆ.

ಚಿಕ್ಕಮ್ಮ ಚೆನ್ನಾಗಿದ್ದಾಳೆ. ಮಂಗಳವಾರ, ಶುಕ್ರವಾರ ಎಂದಿನಂತೆ ಲಸಿಕೆ ಪೆಟ್ಟಿಗೆ ಹೆಗಲಿಗೆ ಹಾಕಿಕೊಂಡು ಮೇಲಿನ ಕೇಂದ್ರಕ್ಕೆ ಹೋಗಿ ಬರುತ್ತಾಳೆ.

ಇಂತಿ ನಿನ್ನ ಚಿಕ್ಕಪ್ಪ


ಮೇ ೨೯

ಚಿಕ್ಕಪ್ಪ,

ಸಾವಿರದ ಇನ್ನೂರಕ್ಕೆ ಗೇರ್ ಪೆಟ್ಟಿಗೆಯ ಫೋಟೋ ಕೂಡ ಸಿಗುವುದಿಲ್ಲ. ನಿಜ ಹೇಳಿ.

ಪೆಟ್ಟಿಗೆ ಕೆಟ್ಟಿರಲೇ ಇಲ್ಲ. ಕೆಟ್ಟಿದ್ದರೆ ಎರಡು ತಿರುವು ಹತ್ತುತ್ತಿರಲಿಲ್ಲ. ಸರಳು ಕಿವಿಗಿಟ್ಟುಕೊಂಡವನಿಗೆ ಕೇಳಿಸಿದ್ದು ನಿಮ್ಮ ಜೇಬಿನ ಸದ್ದು.

ಒಂದು ಇಂಡಿಕೇಟರ್ ಬಲ್ಬು, ಎರಡು ತುಂಡು ತಂತಿ ತೆಗೆದುಕೊಳ್ಳಿ. ಕೀಲಿ ತಿರುಗಿಸಿ, ಸ್ವಿಚ್ ಹಾಕಿ, ಚಕ್ರದ ಹತ್ತಿರದ ಜೋಡಣೆಯಲ್ಲಿ ಬಲ್ಬು ಸಿಕ್ಕಿಸಿ. ಉರಿದರೆ ಕರೆಂಟು ಅಲ್ಲಿವರೆಗೆ ಬರುತ್ತಿದೆ. ಅಷ್ಟಕ್ಕೇ ಬಿಡಬೇಡಿ. ಬಲ್ಬು ಉರಿಯುತ್ತಿರುವಾಗಲೇ ಹ್ಯಾಂಡಲ್ಲನ್ನು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ ನೋಡಿ. ಮೊಣಕಾಲು ತಿರುವಿನಲ್ಲೇ ನಿಲ್ಲುತ್ತದೆ ಎಂದಿರಲ್ಲ, ಅದು ನನ್ನ ತಲೆಯಿಂದ ಹೋಗುತ್ತಿಲ್ಲ.

ಇನ್ನೊಂದು ಮಾತು. ಬರೆಯಬಾರದು ಅಂದುಕೊಂಡಿದ್ದೆ, ತಡೆಯಲು ಆಗಲಿಲ್ಲ. ಚಿಕ್ಕಮ್ಮ ನೋಯುವ ಆ ಬಲ ಮೊಣಕಾಲು ಇಟ್ಟುಕೊಂಡು, ಹನ್ನೆರಡು ಕಿಲೋ ಪೆಟ್ಟಿಗೆ ಹೊತ್ತು, ಆರು ಕಿಲೋಮೀಟರ್ ಗುಡ್ಡ ಹತ್ತುತ್ತಾರೆ. ನೀವು ಅಂಗಡಿಕಟ್ಟೆಯಲ್ಲಿ ಮೀಸೆ ಪಣಕ್ಕಿಟ್ಟು ಗಾಡಿ ಆಟ ಆಡುತ್ತೀರಿ. "ಎಂದಿನಂತೆ ಹೋಗಿ ಬರುತ್ತಾಳೆ" ಎಂದು ಒಂದು ಸಾಲಿನಲ್ಲಿ ಬರೆದು ಮುಗಿಸಿದಿರಿ. ಅಪ್ಪ ಇದ್ದಿದ್ದರೆ ನಿಮ್ಮ ಕಿವಿ ಹಿಂಡುತ್ತಿದ್ದರು.

ನಿಮ್ಮ ಮಗಳು


ಜೂನ್ ೧೮

ಮಗಳಿಗೆ,

ಉತ್ತರ ತಡವಾಯಿತು.

ಬಲ್ಬು ಹಚ್ಚಿದೆ. ಬಲಗಡೆ ಉರಿಯಿತು. ಎಡಗಡೆಯೂ ಉರಿಯಿತು. ಹ್ಯಾಂಡಲ್ ಎಡಕ್ಕೆ ತಿರುಗಿಸಿದೆ. ಎಡಗಡೆಯ ಬಲ್ಬು ಆರಿತು. ನೇರ ಮಾಡಿದೆ, ಉರಿಯಿತು. ನಾಲ್ಕು ಸಲ ಮಾಡಿ ನೋಡಿದೆ. ತಂತಿಯ ಮೇಲಿನ ಪ್ಲಾಸ್ಟಿಕ್ ಸರಿಯಾಗಿಯೇ ಇತ್ತು, ಒಳಗಿನ ತಾಮ್ರ ತುಂಡಾಗಿತ್ತು. ಎಡಕ್ಕೆ ಮಡಚಿದಾಗಲೆಲ್ಲ ತುದಿಗಳು ದೂರವಾಗುತ್ತಿದ್ದವು. ಹೊರಗೆ ನೋಡಿದವರಿಗೆ ಗೊತ್ತಾಗುವಂಥದ್ದಲ್ಲ. ರೇಡಿಯೋ ರಿಪೇರಿಯವನಿಂದ ಬೆಸುಗೆ ಹಾಕಿಸಿದೆ. ಈಗ ಹೇಗೆ ತಿರುಗಿಸಿದರೂ ಎರಡೂ ಉರಿಯುತ್ತವೆ.

ಚಕ್ರ ಮಾತ್ರ ಈಗಲೂ ಹಿಡಿಯುತ್ತಿಲ್ಲ. ಎರಡೂ.

ಖರ್ಚು ಆರು ಸಾವಿರ ಆಗಿದೆ. ಮೊದಲು ಬರೆದದ್ದು ತಪ್ಪು ಲೆಕ್ಕ.

ಹಿಂದಿನ ಸೀಟಿಗೆ ಬಡಗಿಯ ಹತ್ತಿರ ಹಲಗೆ ಹಾಕಿಸಿದ್ದೆ, ಬಲಗಾಲು ಮಡಿಸದೆ ಚಾಚಿ ಕೂರುವಷ್ಟು ಉದ್ದದ್ದು. ಅದು ಮಡ್‌ಗಾರ್ಡಿಗೆ ತಾಗುತ್ತಿತ್ತು. ಬಿಚ್ಚಿಸಿ ಮತ್ತೆ ಒಂದು ಗೇಣು ಹಿಂದಕ್ಕೆ ಹಾಕಿಸಿದೆ. ಅದಕ್ಕೂ ಸ್ವಲ್ಪ ದಿನ ಹಿಡಿಯಿತು.

ಕೇಂದ್ರಕ್ಕೆ ಬೀಗ ಬಿದ್ದರೂ ತಾನು ಹೋಗುವುದು ನಿಲ್ಲಿಸುವುದಿಲ್ಲ ಎಂದು ನಿನ್ನ ಚಿಕ್ಕಮ್ಮ ಆಫೀಸಿನಲ್ಲಿ ಹೇಳಿ ಬಂದಿದ್ದಾಳೆ. "ಮೇಲೆ ಅರವತ್ತೆರಡು ಕೂಸುಗಳಿವೆ, ಬೀಗಕ್ಕೆ ಸೂಜಿ ಚುಚ್ಚಲಾ?" ಅಂದಳಂತೆ. ಇಪ್ಪತ್ತಾರು ದಿನ ಉಳಿದಿದೆ. ಗಾಡಿ ಹತ್ತಲೇಬೇಕು.

ಚಿಕ್ಕಪ್ಪ


ಜೂನ್ ೨೫

ಚಿಕ್ಕಪ್ಪನಿಗೆ ನಮಸ್ಕಾರಗಳು.

ನಿಮ್ಮ ಪತ್ರ ಓದಿ ಎರಡು ದಿನ ಊಟ ಸೇರಲಿಲ್ಲ. ಬಲಗಾಲು ಚಾಚಿ ಕೂರುವ ಹಲಗೆ. ನಿಮ್ಮ ಕಾಲು ಎರಡೂ ಗಟ್ಟಿಮುಟ್ಟಾಗಿವೆ. ಮೇಲಾಗಿ ನೀವು ಕೂರುವುದು ಮುಂದೆ. ಹಿಂದೆ ಯಾರು ಕೂರಲಿ ಎಂದು ಅಳತೆ ತೆಗೆಸಿದಿರಿ ಎಂದು ಕೇಳುವಷ್ಟು ದಡ್ಡಿಯಲ್ಲ ನಾನು. ಗೊತ್ತಾಗಲು ತಡವಾಯಿತು, ಅಷ್ಟೇ. ಮೊದಲನೇ ಪತ್ರದಲ್ಲೇ ಮೀಸೆಯ ಬದಲು ಈ ಮಾತು ಬರೆದಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು? ಬಿಡಿ. ಬೈದದ್ದಕ್ಕೆ ಕ್ಷಮಿಸಿ. ಕಿವಿ ಹಿಂಡಿಸಿಕೊಳ್ಳಬೇಕಾದವಳು ನಾನು.

ಈಗ ಗಾಡಿಯ ವಿಷಯ. ಕರೆಂಟು ಎರಡೂ ಚಕ್ರಕ್ಕೆ ಹೋಗುತ್ತಿದೆ. ಹಾಗಾದರೆ ಹಿಡಿಯಬೇಕಿತ್ತು. ಹಿಡಿಯುತ್ತಿಲ್ಲ ಅಂದರೆ ರೋಗ ಹಬ್ ಒಳಗೇ ಇದೆ. ಒಳಗೆ ತುಕ್ಕು ಎಂದು ಬರೆಯಲು ಪೆನ್ನು ಎತ್ತಿದ್ದೆ. ಉಪ್ಪಿನ ಊರಿನಲ್ಲಿದ್ದು ನನಗೆ ಎಲ್ಲ ಕಡೆ ತುಕ್ಕೇ ಕಾಣುತ್ತದೆ. ಆಮೇಲೆ ನಿಮ್ಮ ಪತ್ರಗಳನ್ನೆಲ್ಲ ಹಾಸಿಗೆಯ ಮೇಲೆ ಸಾಲಾಗಿ ಹರಡಿ ಓದಿದೆ.

ಮೇ ಮೂರರ ಪತ್ರದಲ್ಲಿ ಗಾಡಿ ಎರಡು ತಿರುವು ಹತ್ತಿದೆ, ಮೂರನೆಯದರಲ್ಲಿ ನಿಂತಿದೆ. ಮೇ ಇಪ್ಪತ್ತರ ಪತ್ರದಲ್ಲಿ ಮೊದಲ ತಿರುವಿನಲ್ಲೇ ಕೂತಿದೆ, ಜಾಕಿನ ಮೇಲೂ ಎರಡೂ ಚಕ್ರ ಹಿಡಿಯುತ್ತಿಲ್ಲ. ತುಂಡಾದ ತಂತಿ ಒಂದೇ ಕಡೆಯದು, ಅದೂ ಎಡಕ್ಕೆ ತಿರುಗಿದಾಗ ಮಾತ್ರ ಕೈಕೊಡುವುದು. ಬಲಗಡೆಯ ಚಕ್ರಕ್ಕೆ ಏನಾಗಿತ್ತು? ಹದಿನೇಳು ದಿನದಲ್ಲಿ ಗಾಡಿ ತಾನಾಗಿ ಇಷ್ಟು ಕೆಡುವುದಿಲ್ಲ. ಯಾರೋ ಕೆಡಿಸಿದ್ದಾರೆ. ಗ್ಯಾರೇಜಿನವನು ಎನ್ನೋಣವೆಂದರೆ ಗಾಡಿ ಅವನ ಕೈಗೆ ಹೋಗುವ ಮೊದಲೇ ಮೊದಲ ತಿರುವಿನಲ್ಲಿ ಕೂತಿತ್ತು.

ಆ ದಿನಗಳಲ್ಲಿ ನೀವು ಏನು ಮಾಡಿದಿರಿ? ನಾನು ಬೈಯುವುದಿಲ್ಲ. ಅಪ್ಪನ ಆಣೆ. ಸುಳ್ಳು ಹೇಳಿದರೆ ಮಾತ್ರ ಗಾಡಿ ಹತ್ತುವುದಿಲ್ಲ. ನಿಮ್ಮ ಉತ್ತರ ದೋಣಿಗೆ ಸಿಗಲೇಬೇಕು, ದಿನ ಕಡಿಮೆ ಇದೆ.

ನಿಮ್ಮ ಮಗಳು


ಜುಲೈ ೧

ಸ್ಪ್ಯಾನರ್ ರಾಣಿ,

ಪೊಲೀಸು ಕೆಲಸಕ್ಕೆ ಸೇರಬೇಕಾದವಳು ಪಂಪು ರಿಪೇರಿಗೆ ಹೋಗಿ ಸರ್ಕಾರಕ್ಕೆ ಮೋಸ ಮಾಡಿದ್ದೀಯ.

ಮೇ ಮೂರರಂದು ನಿನಗೆ ಬರೆದ ಪತ್ರವನ್ನು ಅಂಚೆ ಡಬ್ಬಿಗೆ ಹಾಕಿ ಮನೆಗೆ ಬಂದೆ. ಉತ್ತರ ಬರಲು ಎರಡು ವಾರ. ಕೈ ಸುಮ್ಮನಿರಬೇಕಲ್ಲ. ಹಬ್ ಬಿಚ್ಚಿದೆ. ನೀನು ಬಿಚ್ಚಬೇಡಿ ಎಂದು ಬರೆಯುವ ಹೊತ್ತಿಗೆ ಬಿಚ್ಚಿ, ಮುಚ್ಚಿ, ಕೈ ತೊಳೆದು ಒಂದು ವಾರವಾಗಿತ್ತು. ಹಾಗಾಗಿ ನಿನ್ನ ಮಾತು ಮೀರಿದೆ ಎನ್ನುವ ಹಾಗಿಲ್ಲ.

ಒಳಗೆ ನೋಡಿದರೆ ನೀರಿನಂಥ ತೆಳು ಎಣ್ಣೆ, ಅದೂ ಎರಡು ಚಮಚ. ಇಷ್ಟು ದೊಡ್ಡ ಗೂಳಿಗೆ ಇಷ್ಟೇ ಎಣ್ಣೆಯೇ? ನಿಮ್ಮಪ್ಪ ಲಾರಿಯ ಕೆಳಗೆ ಮಲಗಿಕೊಂಡು ನನಗೆ ಹೇಳುತ್ತಿದ್ದದ್ದು ಒಂದೇ ಪಾಠ. "ತಮ್ಮಾ, ಊಟಕ್ಕೆ ಉಪ್ಪು ಕಡಿಮೆಯಾದ್ರೂ ಆಗ್ಲಿ, ಚಕ್ರಕ್ಕೆ ಗ್ರೀಸು ಕಡಿಮೆ ಆಗಬಾರ್ದು." ಬೇರೆ ಯಾವ ಪಾಠವೂ ನನ್ನ ತಲೆಗೆ ಹತ್ತಲಿಲ್ಲ, ಇದೊಂದು ಹತ್ತಿತ್ತು. ಅಣ್ಣನ ಡಬ್ಬಿ ಅಟ್ಟದ ಮೇಲೆ ಹಾಗೇ ಇತ್ತು. ಆ ಲಾರಿ ಗ್ರೀಸನ್ನು ಎರಡೂ ಹಬ್‌ಗಳಿಗೆ ಬೆರಳಿನಿಂದ ಒತ್ತಿ ಒತ್ತಿ ತುಂಬಿದೆ. ಅರ್ಧ ಡಬ್ಬಿ. ಮುಚ್ಚಳ ಹಾಕುವಾಗ ಪಕ್ಕದಿಂದ ಉಕ್ಕಿತು. ಅಣ್ಣ ನೋಡಿದ್ದರೆ ಬೆನ್ನು ತಟ್ಟುತ್ತಿದ್ದ ಎಂದುಕೊಂಡೆ.

ಗ್ರೀಸಿನಿಂದ ಯಾವ ಯಂತ್ರವಾದರೂ ಕೆಡುತ್ತದೆಯೇ? ಇದನ್ನು ಬರೆಯುವಾಗಲೂ ನನಗೆ ನಂಬಿಕೆ ಇಲ್ಲ. ಆದರೆ ಆ ಹದಿನೇಳು ದಿನದಲ್ಲಿ ನಾನು ಮಾಡಿದ್ದು ಇದೊಂದೇ.

ಚಿಕ್ಕಪ್ಪ

ಹೇಸರಗತ್ತೆಯವನು ಕ್ಷೌರಿಕನ ಹತ್ತಿರ ನನ್ನ ಹೆಸರಿನಲ್ಲಿ ಹದಿನೈದನೇ ತಾರೀಕಿನ ಬೆಳಗಿನ ಸರದಿ ಕಾದಿರಿಸಿದ್ದಾನೆ.


ಜುಲೈ ೬

ಚಿಕ್ಕಪ್ಪ,

ನಿಮ್ಮ ಪತ್ರ ತಂದ ದೋಣಿ ವಾಪಸು ಹೋಗುವ ಮೊದಲು ದಡದ ಮೇಲೆ ನಿಂತು ಬರೆಯುತ್ತಿದ್ದೇನೆ. ಅಕ್ಷರ ನೋಡಿ ನಗಬೇಡಿ.

ಗ್ರೀಸೇ ರೋಗ. ಸಂಶಯವಿಲ್ಲ. ಲಾರಿಯ ಚಕ್ರ ಸದಾ ತಿರುಗುವುದಷ್ಟೇ, ಅದಕ್ಕೆ ಗ್ರೀಸು ಬೇಕು. ನಿಮ್ಮ ಗಾಡಿಯ ಉರುಳೆಗಳು ಕರೆದ ಕೂಡಲೇ ಎದ್ದು ಜಾಗ ಬದಲಿಸಬೇಕು. ಕೂದಲೆಳೆಯಷ್ಟು ಜರುಗಿದರೆ ಸಾಕು ಎಂದಿದ್ದೆನಲ್ಲ, ಆ ಅಷ್ಟು ಕೂಡ ಜರುಗಲು ನಿಮ್ಮ ಗ್ರೀಸು ಬಿಡುತ್ತಿಲ್ಲ. ಪಾಕದಲ್ಲಿ ಬಿದ್ದ ಇರುವೆಗಳ ಹಾಗೆ ಕೂತಿವೆ. ಅಯಸ್ಕಾಂತ ಪಾಪ ಎಳೆಯುತ್ತಲೇ ಇದೆ. ಮೇ ಮೂರರವರೆಗೆ ನಿಮಗಿದ್ದದ್ದು ಒಂದು ತುಂಡಾದ ತಂತಿ ಮಾತ್ರ. ಎಡಕ್ಕೆ ತಿರುಗಿದಾಗ ಎಡ ಚಕ್ರ ಕೈಕೊಡುತ್ತಿತ್ತು, ಬಲದ್ದೊಂದೇ ಆ ಏರಿಗೆ ಸಾಲುತ್ತಿರಲಿಲ್ಲ.

ಅಪ್ಪನ ಪಾಠ ನನಗೂ ಹತ್ತಿತ್ತು. ಇಲ್ಲಿ ಸೇರಿದ ಮೊದಲ ವಾರವೇ ಒಂದು ಪಂಪಿಗೆ ಗ್ರೀಸು ತುಂಬಿ ಸೀಲು ಒಡೆದೆ. ಇಡೀ ಪಾಳಿಯ ಮುಂದೆ ಬೈಸಿಕೊಂಡೆ. ಯಾರಿಗೂ ಹೇಳಿರಲಿಲ್ಲ. ನಿಮಗೆ ಮೊದಲೇ "ಒಳಗೆ ಏನು ಹಾಕಿದ್ದೀರಿ" ಎಂದು ಕೇಳಬೇಕಿತ್ತು. ನಾನು ತುಕ್ಕು ಹುಡುಕುತ್ತಾ ಕೂತೆ.

ಎರಡೂ ಹಬ್ ಬಿಚ್ಚಿ. ಉರುಳೆ, ಪಂಜರ, ತಟ್ಟೆ ಎಲ್ಲವನ್ನೂ ಸೀಮೆಎಣ್ಣೆಯಲ್ಲಿ ತೊಳೆಯಿರಿ. ಒಂದು ಸಲ ಸಾಲದು, ಬಟ್ಟೆಯಿಂದ ಒರೆಸಿದಾಗ ಬಟ್ಟೆ ಬೆಳ್ಳಗೆ ಉಳಿಯಬೇಕು. ಉರುಳೆಗಳ ಹಿಂದೆ ಹುಲ್ಲುಕಡ್ಡಿಯಷ್ಟು ಸಣ್ಣ ಸ್ಪ್ರಿಂಗುಗಳಿವೆ, ಹಾರಿ ಹೋಗುತ್ತವೆ. ಎಣಿಸಿ ತೆಗೆಯಿರಿ, ಎಣಿಸಿ ಹಾಕಿ. ಒಂದು ಕಡೆಯದನ್ನು ಪೂರ್ತಿ ಮುಗಿಸಿಯೇ ಇನ್ನೊಂದು ಕಡೆಯದಕ್ಕೆ ಕೈ ಹಾಕಿ. ತೆಳು ಎಣ್ಣೆಯ ಡಬ್ಬಿಯೊಂದನ್ನು ಈ ಪತ್ರದ ಜೊತೆ ಕಟ್ಟಿ ಕಳಿಸಿದ್ದೇನೆ. ಕೆಂಪಗಿರುತ್ತದೆ. ಗೆರೆ ಹಾಕಿದ್ದೇನೆ, ಅಲ್ಲಿವರೆಗೆ ಒಂದು ಕಡೆಗೆ, ಉಳಿದದ್ದು ಇನ್ನೊಂದು ಕಡೆಗೆ. ಕಡಿಮೆ ಅನ್ನಿಸುತ್ತದೆ. ಅನ್ನಿಸಲಿ. ಒಂದು ಹನಿ ಹೆಚ್ಚು ಹಾಕಬೇಡಿ.

ಮುಚ್ಚಿದ ಮೇಲೆ ಜಾಕಿನ ಪರೀಕ್ಷೆ. ಚಕ್ರ ಹಿಡಿದರೆ ನಿಮಗೇ ಗೊತ್ತಾಗುತ್ತದೆ, "ಟಕ್" ಎನ್ನುತ್ತದೆ.

ಚಿಕ್ಕಮ್ಮನಿಗೆ ಹೇಳಿ, ಚಿಕ್ಕಪ್ಪ. ಇದು ಒಬ್ಬರ ಕೈಯ ಕೆಲಸವಲ್ಲ.

ದೋಣಿಯವನು ಕೂಗುತ್ತಿದ್ದಾನೆ.


ಜುಲೈ ೧೫

ನನ್ನ ಸ್ಪ್ಯಾನರ್ ರಾಣಿಗೆ ಚಿಕ್ಕಪ್ಪನ ಸಾವಿರ ಆಶೀರ್ವಾದಗಳು.

ನಿನ್ನ ಕಟ್ಟು ಹನ್ನೊಂದನೇ ತಾರೀಕು ಮಧ್ಯಾಹ್ನ ಕೈಸೇರಿತು. ಹನ್ನೆರಡರ ಬೆಳಗ್ಗೆ, ನಿನ್ನ ಚಿಕ್ಕಮ್ಮ ಮೇಲೆ ಹೋದ ಮೇಲೆ, ಹಿತ್ತಿಲ ಶೆಡ್ಡಿನಲ್ಲಿ ಕೂತೆ. ಹೇಳಬೇಕು ಎಂದು ನೀನು ಬರೆದದ್ದು ನಿಜ. ಹೇಳಲು ಧೈರ್ಯ ಬರಲಿಲ್ಲ. ಎಡಗಡೆಯದನ್ನು ಬಿಚ್ಚಿದೆ. ನೀನು ಹೇಳಿದ ಇರುವೆಗಳೆಲ್ಲ ಕರಿ ಪಾಕದಲ್ಲಿ ಹಾಗೇ ಕೂತಿದ್ದವು. ಬೆರಳಿಂದ ತಳ್ಳಿದರೂ ಅಲುಗಲಿಲ್ಲ. ಗ್ರೀಸಿನಿಂದ ಯಂತ್ರ ಕೆಡುವುದನ್ನು ಐವತ್ತೆಂಟನೇ ವಯಸ್ಸಿನಲ್ಲಿ ಕಣ್ಣಾರೆ ನೋಡಿದೆ.

ಉರುಳೆ ತೆಗೆಯುತ್ತಿರುವಾಗ ಒಂದು ಸ್ಪ್ರಿಂಗು ಹಾರಿ ಎಲ್ಲೋ ಬಿತ್ತು. ಬಗ್ಗಿ ಹುಡುಕುತ್ತಿದ್ದೆ. ಬೆನ್ನ ಹಿಂದೆ ದನಿ ಕೇಳಿತು. "ಗೆಳೆಯನ ಗಾಡಿಗೆ ಇಷ್ಟೊಂದು ಸೇವೆನಾ?" ಸಂಜೆ ಆಗಿದ್ದು ನನಗೆ ತಿಳಿದೇ ಇರಲಿಲ್ಲ. ಅವಳು ಪೆಟ್ಟಿಗೆ ಇಳಿಸಿ, ಬಾಗಿಲಿಗೆ ಒರಗಿ, ಮೊಣಕಾಲು ಹಿಡಿದುಕೊಂಡು ನಿಂತಿದ್ದಳು.

"ನನ್ನದೇ ಗಾಡಿ" ಅಂದೆ.

"ಗೊತ್ತು. ಊರಿಗೆಲ್ಲ ಗೊತ್ತು. ಹೇಸರಗತ್ತೆಗೂ ಗೊತ್ತು. ಆ ಹಲಗೆ ಯಾರಿಗೆ?"

ಅವಳು ಹಲಗೆಯ ಉದ್ದವನ್ನು ಒಂದು ಸಲ ನೋಡಿದಳು, ತನ್ನ ಕಾಲನ್ನು ಒಂದು ಸಲ ನೋಡಿದಳು. ಒಳಗೆ ಹೋಗಿ ತನ್ನ ಚಿಮಟ, ಸ್ಟೀಲ್ ಟ್ರೇ, ಬಿಳಿ ಬಟ್ಟೆ ತಂದು ಸ್ಟೂಲಿನ ಮೇಲೆ ಕೂತಳು. ಆಮೇಲೆ ಆ ಶೆಡ್ಡು ಶೆಡ್ಡಾಗಿ ಉಳಿಯಲಿಲ್ಲ, ಆಪರೇಷನ್ ಕೋಣೆಯಾಯಿತು. ನಾನು ತೊಳೆದು ಕೊಡುತ್ತಿದ್ದೆ, ಅವಳು ಬೆಳಕಿಗೆ ಹಿಡಿದು ನೋಡಿ ಟ್ರೇಯಲ್ಲಿ ಸಾಲಾಗಿ ಇಡುತ್ತಿದ್ದಳು. "ಇದಕ್ಕಿನ್ನೂ ಅಂಟಿದೆ, ಮತ್ತೆ ತೊಳೀರಿ." "ಒಂದು ಕಡಿಮೆ ಇದೆ. ಎಣಿಕೆ ಸರಿಹೋಗೋ ತನಕ ಮುಚ್ಚೋ ಹಾಗಿಲ್ಲ." ಹಾರಿಹೋದ ಸ್ಪ್ರಿಂಗು ಎಲ್ಲಿತ್ತು ಗೊತ್ತೆ? ನನ್ನ ಮೀಸೆಯಲ್ಲಿ, ಗ್ರೀಸಿಗೆ ಅಂಟಿಕೊಂಡು. ಚಿಮಟದಿಂದ ಕೀಳಲು ಬರಲಿಲ್ಲ. "ಅಲುಗಬೇಡಿ" ಎಂದಳು. ಕತ್ತರಿ ತಂದು ಅರ್ಧ ಮೀಸೆ ಸಮೇತ ತೆಗೆದಳು. ಉಳಿದರ್ಧ ಇಟ್ಟುಕೊಂಡು ಏನು ಮಾಡಲಿ? ಅದನ್ನೂ ತೆಗೆಸಿದೆ. ಪರೀಕ್ಷೆಗೆ ಎರಡು ದಿನ ಮೊದಲೇ, ಸೋಲುವ ಮೊದಲೇ, ನನ್ನ ಮೀಸೆ ಹೋಯಿತು.

ಮರುದಿನ ಬಲಗಡೆಯದು. ಕೆಂಪು ಎಣ್ಣೆ ಹಾಕುವಾಗ ನನ್ನ ಕೈ ಗೆರೆ ದಾಟಲು ಹೋಯಿತು, ಸುಳ್ಳು ಹೇಳುವುದಿಲ್ಲ. ಅವಳು ಮಣಿಕಟ್ಟು ಹಿಡಿದಳು. "ಡೋಸು ಡೋಸೇ" ಅಂದಳು. ಜಾಕಿನ ಮೇಲೆ ಸ್ವಿಚ್ ಹಾಕಿ ಚಕ್ರ ತಿರುಗಿಸಿದೆ. ಟಕ್. ಇನ್ನೊಂದು ಕಡೆ. ಟಕ್. ನನಗಿಂತ ಮೊದಲು ಅವಳು ಕೈ ತಟ್ಟಿದಳು.

ನಿನ್ನೆ ಪರೀಕ್ಷೆ. ಬೆಳಗಿನಿಂದ ಜಡಿಮಳೆ. ಹಿಂದೆ ಇಲಾಖೆಯ ದೊಡ್ಡ ಡಾಕ್ಟರಮ್ಮ ಐಸ್ ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ಕೂತರು. ನಿನ್ನ ಚಿಕ್ಕಮ್ಮ ನಮಗಿಂತ ಒಂದು ಗಂಟೆ ಮೊದಲೇ ನಡೆದು ಹೊರಟಿದ್ದಳು. "ನಿಮ್ಮ ಗೂಳಿ ಕೂತ್ರೆ ಪೆಟ್ಟಿಗೆ ನಾನೇ ಹೊರಬೇಕಲ್ಲ" ಅಂದಿದ್ದಳು. ಮೊದಲ ತಿರುವು, ಎರಡನೇ ತಿರುವು ಆಯಿತು. ಮೊಣಕಾಲು ತಿರುವಿನ ಬುಡದಲ್ಲಿ ಅವಳು ಕಲ್ಲಿನ ಮೇಲೆ ಕೂತಿದ್ದಳು. ಬಲಗಾಲು ಚಾಚಿ. ಪಕ್ಕದಲ್ಲಿ ಹೇಸರಗತ್ತೆಯವನು ಕೊಡೆ ಹಿಡಿದು ನಿಂತಿದ್ದ.

ಡಾಕ್ಟರಮ್ಮ "ನಿಲ್ಲಿಸಿ" ಅಂದರು. ನಿಲ್ಲಿಸಬಾರದು, ಏರಿನಲ್ಲಿ ನಿಂತರೆ ಹೊರಡುವುದು ಕಷ್ಟ ಎಂದೆ. ಅವರು ಕೇಳಲಿಲ್ಲ. ಇಳಿದು, "ಸಿಸ್ಟರ್, ನೀವು ಹತ್ತಿ. ನಾನು ನಡೀತೀನಿ. ಇದು ನಿಮ್ಮನ್ನ ಹೊತ್ತು ಇಲ್ಲಿಂದ ಎದ್ರೆ ಪಾಸು" ಅಂದರು.

ಅವಳು ಹತ್ತಿದಳು. ಕಾಲು ಹಲಗೆಯ ಮೇಲೆ ಸರಿಯಾಗಿ ಕೂತಿತು. ಒಂದು ಬೆರಳು ಹೆಚ್ಚಿಲ್ಲ, ಒಂದು ಬೆರಳು ಕಡಿಮೆಯಿಲ್ಲ. ಹ್ಯಾಂಡಲ್ ಪೂರ್ತಿ ಎಡಕ್ಕೆ ತಿರುಗಿಸಿ, ಸ್ವಿಚ್ ಒತ್ತಿ, ಮೆಲ್ಲಗೆ ಎಕ್ಸಿಲರೇಟರು ಕೊಟ್ಟೆ. ಹಿಂದಿನ ಚಕ್ರ ಜಾರಿತು. ಗಾಡಿ ಅರ್ಧ ಮೊಳ ಹಿಂದಕ್ಕೆ ಸರಿಯಿತು. ಅವಳ ಕೈ ನನ್ನ ಅಂಗಿ ಹಿಡಿಯಿತು. ಆಮೇಲೆ, ಟಕ್. ಮುಂದಿನ ಎರಡೂ ಚಕ್ರ ಜೇಡಿಗೆ ಉಗುರು ಊರಿ ಎಳೆದವು. ಮಗಳೇ, ಗೂಳಿ ಎದ್ದಿತು! ತಿರುವು ದಾಟಿ ಮೇಲಿನ ಬಯಲು ಸೇರುವ ತನಕ ನಾನು ಉಸ್ಸೆನ್ನಲಿಲ್ಲ, ಅವಳು ಅಂಗಿ ಬಿಡಲಿಲ್ಲ. ಕೆಳಗಿನಿಂದ ಹೇಸರಗತ್ತೆಯವನು ಕೂಗಿದ. "ಅಣ್ಣಾ, ಗೆದ್ದೆ! ಆದ್ರೆ ತಿರುವೋದಕ್ಕೆ ಮೀಸೆ ಎಲ್ಲಿ?"

ವರ್ಷದ ಕೆಲಸ ಸಿಕ್ಕಿದೆ. ಕೇಂದ್ರಕ್ಕೆ ಬೀಗವಿಲ್ಲ. ಮಂಗಳವಾರ ಮತ್ತು ಶುಕ್ರವಾರ ಅವಳು ಕೂತು ಹೋಗುತ್ತಾಳೆ.

ಮೇಲೆ ಕೇಂದ್ರದ ಜಗಲಿಯಲ್ಲಿ ಇಬ್ಬರೇ ಇದ್ದಾಗ ಅವಳು ಕೇಳಿದಳು. "ಇದಕ್ಕೆಲ್ಲ ಎಷ್ಟಾಯ್ತು? ನಿಜ ಹೇಳಿ."

ಸಾವಿರದ ಇನ್ನೂರು ಎಂದು ಬಾಯಿ ತುದಿಗೆ ಬಂದಿತ್ತು. ಮೀಸೆ ಇಲ್ಲದ ಬಾಯಿಯಲ್ಲಿ ಸುಳ್ಳು ನಿಲ್ಲುವುದಿಲ್ಲವೋ ಏನೋ. ಗಾಡಿಗೆ ಕೊಟ್ಟದ್ದು ಗಾಡಿಗೆ, ಅದು ಕಣ್ಣ ಮುಂದಿದೆ. ಬೇಡದ ಗೇರ್ ಪೆಟ್ಟಿಗೆಗೆ ಟೈ ಕಟ್ಟಿದವನಿಗೆ ಎಣಿಸಿಕೊಟ್ಟದ್ದು ಬೇರೆ. ಅದು ನಾವಿಬ್ಬರೂ ಬಿಸಿನೀರಿನ ಬಚ್ಚಲು ಕಟ್ಟಿಸಲು ಆರು ವರ್ಷ ಕೂಡಿಟ್ಟದ್ದು. ಅವಳ ಕಿವಿಯಲ್ಲಿ ಹೇಳಿದೆ, ನಿನಗೆ ಬರೆದ ಸುಳ್ಳು ಲೆಕ್ಕವನ್ನೂ ಸೇರಿಸಿ. ಅವಳು ಒದ್ದೆ ಸೆರಗು ಹಿಂಡಿ ಜಗಲಿಯ ಕಂಬಕ್ಕೆ ಒರಗಿದಳು. ಬೈದಿದ್ದರೆ ವಾಸಿಯಿತ್ತು. ಕೊನೆಗೆ "ಆ ಹುಡುಗಿಗೂ ಬರೀರಿ. ಅವಳಿಗೆ ಮಾತ್ರ ಯಾಕೆ ತಪ್ಪು ಲೆಕ್ಕ" ಅಂದಳು.

ಹಾಗಾಗಿ ಬರೆಯುತ್ತಿದ್ದೇನೆ. ಸಾವಿರದ ಇನ್ನೂರೂ ಅಲ್ಲ, ಆರು ಸಾವಿರವೂ ಅಲ್ಲ. ನಲವತ್ತಮೂರು ಸಾವಿರದ ಏಳುನೂರ ಐವತ್ತು.